ನಲ್ಲಿ ತಾತನ ಎರಡನೇ ಮದುವೆ

ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವುದು ನನ್ನಿಂದಾಗದ ಕೆಲಸ. ಮುಚ್ಚಿದರೆ ನಿದ್ದೆ ಬರುತ್ತದೆ. ವಾರವಿಡೀ ಬ್ಯೂಟಿ ಪಾರ್ಲರಿನಲ್ಲಿ ನಿಂತೇ ಇರುವವಳಿಗೆ ಚರ್ಚಿನ ಬೆಂಚು ಸಿಕ್ಕಿದರೆ ಇನ್ನೇನಾದೀತು? ಅದಕ್ಕೇ ಆರಾಧನೆ ಮುಗಿದ ಮೇಲೆ ಕತ್ತರಿ, ಬಾಚಣಿಗೆಗಳನ್ನು ಚೀಲಕ್ಕೆ ತುಂಬಿಕೊಂಡು ಹಿಂದಿನ ಬೀದಿಯ ವೃದ್ಧಾಶ್ರಮಕ್ಕೆ ಹೋಗುತ್ತೇನೆ. ಅಲ್ಲಿ ಒಂದೊಂದೇ ತಲೆ ಬಾಚುತ್ತಾ, ಆ ತಲೆಯ ಒಡೆಯರನ್ನು ಯೇಸುವಿಗೆ ನೆನಪು ಮಾಡುತ್ತೇನೆ. ಅವನು ಮರೆತಿರುತ್ತಾನೆ ಅಂತಲ್ಲ. ಆದರೂ ಒಂದು ಮಾತು ಕಿವಿಗೆ ಹಾಕಿರುವುದು ಒಳ್ಳೆಯದು.

ಅಲ್ಲಿ ಕಿಟಕಿ ಪಕ್ಕದ ಮಂಚದ ಅಜ್ಜಿ ಅಂದರೆ ನನಗೆ ಪ್ರಾಣ. ಅಜ್ಜಿಗೆ ಮರೆವಿನ ಕಾಯಿಲೆ. ಕೂದಲು ಕತ್ತರಿಸುವ ಮೊದಲು ನಾನು ಕೊರಳಿಗೆ ಬಿಳಿ ಬಟ್ಟೆ ಕಟ್ಟುತ್ತೇನಲ್ಲ, ಕಟ್ಟಿದ ತಕ್ಷಣ ಅಜ್ಜಿ ಮದುಮಗಳು! ಕನ್ನಡಿ ನೋಡಿ ಕೆನ್ನೆ ಕೆಂಪಾಗುತ್ತದೆ. "ಚೆನ್ನಾಗಿ ಬಾಚಮ್ಮ, ಅವರು ಚರ್ಚಿಗೆ ಬಂದುಬಿಟ್ಟಿರ್ತಾರೆ" ಅನ್ನುತ್ತಾಳೆ. ನಾನೂ ಅವಳ ಗೆಳತಿಯಾಗಿ ಗಲ್ಲ ಹಿಂಡಿ ರೇಗಿಸುತ್ತೇನೆ.

ಆ 'ಅವರು' ಅಲ್ಲೇ ನಲ್ಲಿ ಬಿಚ್ಚುತ್ತಾ ಕೂತಿರುತ್ತಾರೆ. ಅಜ್ಜಿಯ ಗಂಡ ಪ್ಲಂಬರ್ ಆಗಿದ್ದವರು. ದಿನಾ ಅವಳನ್ನು ನೋಡಲು ಬರುತ್ತಾರೆ. ಅವಳಿಗೆ ಗುರುತೇ ಇಲ್ಲ. ಕೈ ಮುಟ್ಟಲು ಹೋದರೆ ಸರಕ್ಕನೆ ಹಿಂದಕ್ಕೆಳೆದುಕೊಳ್ಳುತ್ತಾಳೆ. ಹಾಗಾಗಿ ಪಾಪ, ಸ್ಪ್ಯಾನರ್ ಹಿಡಿದು ಸರಿಯಿರುವ ನಲ್ಲಿಗಳನ್ನೂ ಸರಿಮಾಡುತ್ತಾ ಅಲ್ಲೇ ಸುತ್ತುತ್ತಾರೆ. ಎಲ್ಲರ ಬಾಯಲ್ಲೂ ಅವರು ನಲ್ಲಿ ತಾತ. "ಆ ನಲ್ಲಿ ರಿಪೇರಿಯವನಿಗೆ ಮನೆಮಠ ಇಲ್ವಾ?" ಅಂತ ಅಜ್ಜಿ ನನ್ನ ಕಿವಿಯಲ್ಲಿ ಕೇಳಿದ್ದೂ ಉಂಟು.

ಒಂದು ಭಾನುವಾರ ತಾತ ಬಾಗಿಲಲ್ಲಿ ನಿಂತು ಅವಳ ಕೆನ್ನೆ ಕೆಂಪಾಗುವುದನ್ನು ನೋಡಿಬಿಟ್ಟರು.

"ಆ ನಾಚಿಕೆ ನಂದು ಕಣಮ್ಮ" ಅಂದರು ನನ್ನ ಹತ್ತಿರ. "ನಮ್ಮ ಮದುವೆ ದಿನಾನೂ ಹೀಗೇ ಇತ್ತು. ಒಂದೇ ಒಂದು ಸಲ ಅವಳು ಇದೇ ಖುಷೀಲಿ ನನ್ನ ಕೈ ಹಿಡಿದ್ರೆ ಸಾಕು. ಗುರುತು ಸಿಗದಿದ್ರೂ ಪರವಾಗಿಲ್ಲ."

ನನಗೆ ಅಷ್ಟು ಸಾಕಾಯಿತು. ನೇರ ಪಾಸ್ಟರ್ ಮನೆಗೆ ಹೋದೆ.

"ಆಗಿರೋ ಮದುವೆಯನ್ನ ಮತ್ತೆ ಮಾಡ್ಸೋಕೆ ಬರಲ್ಲಮ್ಮ" ಅಂದರು ಅವರು.

"ಯಾಕೆ, ಆಶೀರ್ವಾದಕ್ಕೂ ರೇಷನ್ ಇದೆಯಾ ಪಾಸ್ಟರ್?" ನನ್ನ ಬಾಯಿ ಸುಮ್ಮನಿದ್ದರೆ ತಾನೇ. "ಕಷ್ಟದಲ್ಲೂ ಕಾಯಿಲೆಯಲ್ಲೂ ಜೊತೆಗಿರ್ತೀನಿ ಅಂತ ಮದುವೇಲಿ ಹೇಳಿಸ್ತೀರಲ್ಲ, ಆ ಮಾತನ್ನ ಅಕ್ಷರಶಃ ನಡೆಸ್ತಾ ಇರೋರು ಇಡೀ ಸಭೇಲಿ ಅವರೊಬ್ಬರೇ!"

ಪಾಸ್ಟರ್ ಕನ್ನಡಕ ಒರೆಸಿದರು. ಬರೀ ಕೃತಜ್ಞತೆಯ ಪ್ರಾರ್ಥನೆ, ವಧುವರರಿಗೆ 'ಒಪ್ಪಿಗೆಯಾ' ಅಂತ ಪ್ರಶ್ನೆ ಕೇಳುವ ಹಾಗಿಲ್ಲ ಅಂತ ಒಪ್ಪಂದವಾಯಿತು.

ಮುಂದಿನ ಭಾನುವಾರ ಆಶ್ರಮದಲ್ಲಿ ಸಂಭ್ರಮವೋ ಸಂಭ್ರಮ. ನನ್ನ ನಾದಿನಿ ಕೀಬೋರ್ಡ್ ಹೊತ್ತು ತಂದಳು. ಅಜ್ಜಂದಿರೆಲ್ಲ ಇದ್ದಬದ್ದ ಕೋಟು ಹಾಕಿಕೊಂಡರು. ವಾಕರ್‌ಗಳಿಗೆ ರಿಬ್ಬನ್ ಕಟ್ಟಿದ್ದಾಯಿತು. ಒಬ್ಬರು ಹಲ್ಲಿನ ಸೆಟ್ ಹಾಕಿಕೊಳ್ಳದೆ ಹಾಡಲು ನಿಂತು ಆಶ್ರಮ ನೋಡಿಕೊಳ್ಳುವ ಸಿಸ್ಟರ್ ಕೈಲಿ ಬೈಸಿಕೊಂಡರು. ತಾತ ಸೂಟು ತೊಟ್ಟು, ಸರಿಯಿರುವ ಟೈಯನ್ನೇ ಮತ್ತೆ ಮತ್ತೆ ಸರಿಮಾಡುತ್ತಿದ್ದರು. ನಾನು ಬಿಳಿ ಬಟ್ಟೆ ಕಟ್ಟಿ, ಅಜ್ಜಿಯ ಕೂದಲಿಗೆ ಹೂ ಮುಡಿಸಿದೆ. ಕೆನ್ನೆ ಕೆಂಪೇ ಕೆಂಪು. ಎಲ್ಲ ನೆಟ್ಟಗೆ ನಡೆಯುತ್ತಿತ್ತು.

ಆಮೇಲೆ ನನ್ನ ಕೈಯೇ ಎಡವಟ್ಟು ಮಾಡಿತು. ಕೆಲಸ ಮುಗಿದರೆ ಬಟ್ಟೆ ಬಿಚ್ಚಿ ಕೊಡವುವುದು ಇಷ್ಟು ವರ್ಷದ ರೂಢಿ. ಬಿಚ್ಚಿದೆ, ಕೊಡವಿದೆ. ಮದುಮಗಳು ಬಟ್ಟೆಯ ಜೊತೆಗೇ ಹೊರಟುಹೋದಳು. ಕುರ್ಚಿಯಲ್ಲಿ ಉಳಿದದ್ದು ಗಾಬರಿಯಿಂದ ಸುತ್ತ ನೋಡುವ ಅಜ್ಜಿ.

ಅಷ್ಟರಲ್ಲಿ ಕೀಬೋರ್ಡಿನಲ್ಲಿ ಮದುವೆ ಹಾಡು ಮೊಳಗಿತು. ಅದು ಕಿವಿಗೆ ಬಿದ್ದಿದ್ದೇ ತಡ, ಪಾಸ್ಟರ್ ನಾಲಿಗೆ ತನ್ನ ಹಳೇ ದಾರಿ ಹಿಡಿಯಿತು. ಪ್ರಾರ್ಥನೆ ಬಿಟ್ಟು ಗಂಭೀರವಾಗಿ ಕೇಳಿಯೇ ಬಿಟ್ಟರು: "ಈ ಪುರುಷನನ್ನು ನಿನ್ನ ಪತಿಯಾಗಿ ಅಂಗೀಕರಿಸುತ್ತೀಯಾ?"

ಅಜ್ಜಿ ತಾತನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಲ್ಲ" ಅಂದಳು.

ಹಾಡು ನಿಂತಿತು. ತಾತನ ಮುಖ ನೋಡಲಾಗಲಿಲ್ಲ. ಎಲ್ಲ ನನ್ನಿಂದಲೇ ಆಯಿತು, ಸ್ವಾಮಿ, ಈಗ ನೀನೇ ಏನಾದರೂ ಮಾಡು ಅಂತ ಬೇಡಿಕೊಂಡೆ. ಆ ಹೊತ್ತು ಕಣ್ಣು ಮುಚ್ಚಿದರೂ ನಿದ್ದೆ ಬರಲಿಲ್ಲ.

"ಬೇಜಾರು ಮಾಡ್ಕೋಬೇಡಿ ನಲ್ಲಿಯವರೇ" ಅಜ್ಜಿಯ ದನಿ ಮೆತ್ತಗಾಯಿತು. "ನೀವು ಒಳ್ಳೆಯವರು. ಆದ್ರೆ ನನಗೆ ಮದುವೆ ಆಗಿದೆ. ನಮ್ಮೆಜಮಾನ್ರು ಇದಾರೆ. ಮೂಗಿನ ತುದೀಲಿ ಕೋಪ, ಗೊರಕೆ ಬೇರೆ. ಆದ್ರೂ ಅವರಂಥವರು ನನಗೆ ಇನ್ನೊಬ್ಬರು ಸಿಗಲ್ಲ. ಅವರನ್ನ ಬಿಟ್ಟು ನಾನು ಯಾರನ್ನೂ ಒಪ್ಪಲ್ಲಪ್ಪ."

ತಾತ ಬಾಯಿ ತೆರೆದುಕೊಂಡು ನಿಂತರು. ನಿಂತವರು ಕುಣಿದೇಬಿಟ್ಟರು!

"ಕೇಳಿದ್ರಾ? ನನ್ನನ್ನ ಒಲ್ಲೆ ಅಂದ್ಲು! ಪಾಸ್ಟರ್, ಕೇಳಿದ್ರಾ? ನನಗೋಸ್ಕರ ನನ್ನನ್ನೇ ಒಲ್ಲೆ ಅಂದ್ಲು!"

ನಾದಿನಿಗೆ ನಗು ತಡೆಯಲಾಗದೆ ಮೊಣಕೈ ಕೀಬೋರ್ಡಿನ ಮೇಲೆ ಬಿದ್ದು ಅದೂ ಭೋರ್ ಅಂದಿತು. ಸಿಸ್ಟರ್ ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. ನಾನಂತೂ ಎರಡನ್ನೂ ಮಾಡಿದೆ. ಪಾಸ್ಟರ್ ಕೊನೆಗೆ ಪ್ರಾರ್ಥನೆ ಶುರುಮಾಡಿದವರು ಆಮೆನ್ ಒಂದನ್ನೇ ನೆಟ್ಟಗೆ ಹೇಳಿದ್ದು.

ಕೇಕು ಹಂಚುವಾಗ ಅಜ್ಜಿ ತನ್ನ ತುಂಡನ್ನು ಮುಟ್ಟಲಿಲ್ಲ. ಕರವಸ್ತ್ರದಲ್ಲಿ ಜೋಪಾನವಾಗಿ ಸುತ್ತಿ ತಾತನನ್ನು ಹತ್ತಿರ ಕರೆದಳು.

"ನೀವು ಊರೆಲ್ಲ ಸುತ್ತೋರು. ನಮ್ಮವರು ಎಲ್ಲಾದ್ರೂ ಸಿಕ್ಕರೆ ಇದನ್ನ ಕೊಡಿ. ನಾನು ಕಾಯ್ತಾ ಇದೀನಿ ಅಂತ ಹೇಳಿ. ಮರೀಬೇಡಿ ಮತ್ತೆ."

ಹೀಗಂದವಳೇ ಗಂಟನ್ನು ಅವರ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿ, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಬಿಡಲೇ ಇಲ್ಲ.

"ಹೇಳ್ತೀನಿ" ಅಂದರು ತಾತ. "ಈಗಲೇ ಹೇಳ್ತೀನಿ."