ಹಾಯಿಕಂಬದಡಿಯ ದೊರೆ

ನನ್ನ ಗಂಡ ಐಲರ್ಟ್ ಸಮುದ್ರದ ಪಾಲಾಗಿ ಹದಿನಾಲ್ಕು ದಿನವಾಗಿತ್ತು. ನನಗೆ ಅಳು ಬಂದಿರಲಿಲ್ಲ. ಆಲೂಗಡ್ಡೆ ಸುಲಿಯುತ್ತಿದ್ದೆ, ಕಾಫಿ ಕಾಯಿಸುತ್ತಿದ್ದೆ, ಬಂದವರು ಕೈ ಹಿಡಿದು ಮಾತಾಡಿದರೆ ತಲೆಯಾಡಿಸುತ್ತಿದ್ದೆ. ಪಾದ್ರಿಯ ಹೆಂಡತಿ "ಎಂಥಾ ಗಟ್ಟಿಗಿತ್ತಿ ನೀನು" ಎಂದು ಹೊಗಳಿದಾಗ ಅವಳ ಮಡಿಲಿಗೆ ಕಾಫಿ ಸುರಿಯಬೇಕೆನಿಸಿತು. ಗಟ್ಟಿಯಂತೆ, ಮಣ್ಣಂತೆ! ನನ್ನೊಳಗೆ ಏನೂ ಇರಲಿಲ್ಲ, ಒಂದು ನಾಣ್ಯದ ನೆನಪಿನ ಹೊರತು.

ನಮ್ಮ ದ್ವೀಪದಲ್ಲಿ ಹೊಸ ದೋಣಿಗೆ ಹಾಯಿಕಂಬ ನಿಲ್ಲಿಸುವ ಮುಂಚೆ ಯಜಮಾನನ ಹೆಂಡತಿ ಕಂಬದ ಕುಳಿಯಲ್ಲಿ ನಾಣ್ಯವಿಡಬೇಕು. ದೊರೆಯ ಅಂಕಿತವಿರುವ ಮುಖ ಮೇಲಕ್ಕಿರಬೇಕು; ದೊರೆಯಿರುವ ದೋಣಿ ಮುಳುಗುವುದಿಲ್ಲ ಎಂದು ನಂಬಿಕೆ. ಆ ಹೊತ್ತಿಗೆ ಗಂಡಸರೆಲ್ಲ ಮುಖ ತಿರುಗಿಸಿ ನಿಲ್ಲುತ್ತಾರೆ.

ನಮ್ಮ ದೋಣಿಗೆ ಕಂಬ ನಿಂತದ್ದು ನಲವತ್ತೆರಡರಲ್ಲಿ, ಯುದ್ಧದ ನಡುವೆ. ನಮ್ಮ ಹೋಕನ್ ದೊರೆ ತಪ್ಪಿಸಿಕೊಂಡು ಹೋಗಿ ಲಂಡನ್ನಿನಲ್ಲಿದ್ದ, ಜರ್ಮನ್ನರು ನಮ್ಮ ಬಂದರಿನಲ್ಲಿದ್ದರು. ಆಗಿನ ಸತುವಿನ ನಾಣ್ಯದ ಮೇಲೆ ಕೊಡಲಿ ಹಿಡಿದ ಸಿಂಹವಿತ್ತು, ದೊರೆಯ ಅಂಕಿತವಿರಲಿಲ್ಲ. ಅಂಕಿತವಿದ್ದ, ನಡುವೆ ತೂತಿನ ಹಳೆಯ ಕ್ರೋನ್ ನಾಣ್ಯಗಳಿಗೆ ಜನ ಪಿನ್ನು ಬೆಸೆದು, ದೊರೆಯ ಮೇಲಿನ ನಿಷ್ಠೆಗೆ, ಕೋಟಿನ ಮಡಿಕೆಯೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಜರ್ಮನ್ನರ ಕಣ್ಣಿಗೆ ಬಿದ್ದರೆ ಜೈಲು. ಐಲರ್ಟನ ಕೋಟಿನಲ್ಲೂ ಒಂದಿತ್ತು. ನನ್ನ ಹೊಲಿಗೆ ಪೆಟ್ಟಿಗೆಯಲ್ಲಿ ಒಂದೇ ಒಂದು ಉಳಿದಿತ್ತು, ಅದನ್ನು ಕತ್ತಲ ಕುಳಿಗೆ ಹಾಕಲು ಮನಸ್ಸು ಬರಲಿಲ್ಲ. ಎಲ್ಲರೂ ಮುಖ ತಿರುಗಿಸಿದಾಗ ಸತುವಿನ ಚಿಲ್ಲರೆ ಇಟ್ಟುಬಿಟ್ಟೆ. ಜಿಪುಣತನ, ಬೇರೇನಲ್ಲ.

ಆ ವರ್ಷವೇ ಐಲರ್ಟ್ ತನ್ನ ಕೋಟಿನ ನಾಣ್ಯ ಕಳೆದುಕೊಂಡು ಬಂದ. ಸಮುದ್ರಕ್ಕೆ ಬಿತ್ತಂತೆ. "ದೊರೇನೂ ಮೀನಿಗೆ ಹಾಕಿ ಬಂದ್ಯಾ?" ಎಂದು ಬೈದೆ. ಯುದ್ಧ ಮುಗಿದು ದೊರೆ ಮರಳಿದ ಮೇಲೂ, ಏನಾದರೂ ಕಳೆದಾಗಲೆಲ್ಲ ಅದನ್ನೇ ಎತ್ತಿ ಆಡುತ್ತಿದ್ದೆ. ಅವನು ನಕ್ಕುಬಿಡುತ್ತಿದ್ದ.

ಹದಿನೈದನೆಯ ದಿನ ಮೈದುನ ಓಡ್ವರ್ ಬಾಗಿಲಲ್ಲಿ ಬಂದು ನಿಂತ.

"ಅತ್ತಿಗೆ, ದೋಣಿ ಸಿಕ್ತು. ಬಂಡೆ ಮೇಲೆ ಮಗುಚಿ ಬಿದ್ದಿತ್ತು. ದಡಕ್ಕೆ ಎಳ್ಕೊಂಡ್ ಬಂದ್ವಿ."

"ಒಡೆದು ಸೌದೆ ಮಾಡ್ಕೋ."

"ಮಾಡ್ತೀವಿ. ಆದ್ರೆ ನಾಣ್ಯ ಇಟ್ಟೋರೇ ತೆಗೀಬೇಕಲ್ಲ. ಪೇಡರಜ್ಜ ಕಾಯ್ತಾ ಇದಾರೆ."

"ನೀನೇ ತೆಗಿ."

"ಏನ್ ಮಾತು ಅಂತ ಆಡ್ತೀರ! ಬನ್ನಿ."

ಹೋದೆ. ಓಡ್ವರನಿಗೆ ಆ ಸತುವು ಕಂಡರೆ ಸಂಜೆಯೊಳಗೆ ದ್ವೀಪಕ್ಕೆಲ್ಲ ಗೊತ್ತಾಗುತ್ತದೆ: ಗಂಡನ ದೋಣಿಗೆ ದೊರೆಯನ್ನು ಕೊಡದ ಹೆಂಗಸು. ಅದಕ್ಕಿಂತ ಹೆಚ್ಚಾಗಿ, ಅದನ್ನು ನಾನೇ ಇನ್ನೊಮ್ಮೆ ನೋಡಬೇಕಿತ್ತು. ಐಲರ್ಟನನ್ನು ಕೊಂದದ್ದು ಅದೇ ಎಂದು ಹದಿನಾಲ್ಕು ದಿನದಿಂದ ನಂಬಿದ್ದೆ.

ಮುರಿದ ಕಂಬದ ಬುಡವನ್ನು ಗಂಡಸರಿಬ್ಬರೂ ಸೇರಿ ಕಿತ್ತರು. ದೋಣಿ ಕಟ್ಟಿದ ಪೇಡರಜ್ಜ ಅದರ ಬುಡ ಸವರಿ ನೋಡಿದ.

"ಇದನ್ನ ಮತ್ತೆ ಮೇಲೆತ್ತಿದ್ದು ಒಂದೇ ಸಲ ತಾಯಿ. ಕಟ್ಟಿದ ವರ್ಷಾನೇ. ಬುಡಕ್ಕೆ ಟಾರು ಬಳೀಬೇಕು ಅಂತ ಹಠ ಹಿಡಿದು ಕೂತ ನಿಮ್ಮ ಐಲರ್ಟು. ಬೇಡ್ವೋ ಮಾರಾಯ, ಹೊಸದು ಅಂದ್ರೆ ಕೇಳ್ಲೇ ಇಲ್ಲ."

ಇಬ್ಬರೂ ಮುಖ ತಿರುಗಿಸಿ ಸಮುದ್ರದ ಕಡೆ ನಿಂತರು.

ಕುಳಿಗೆ ಕೈ ಹಾಕಿದೆ. ಬೆರಳಿಗೆ ಸಿಕ್ಕಿದ್ದು ನಡುವೆ ತೂತಿದ್ದ ಬಿಲ್ಲೆ. ಏಪ್ರನ್ನಿನಲ್ಲಿ ಉಜ್ಜಿದೆ. ಕಿರೀಟ ಕಂಡಿತು, ದೊರೆಯ ಅಂಕಿತ ಕಂಡಿತು. ಹಿಂದೆ ಪಿನ್ನು ಕಿತ್ತ ಗುರುತು.

ಮತ್ತೆ ಕೈ ಹಾಕಿದೆ. ಅದರ ಕೆಳಗೆ ನನ್ನ ಸತುವಿನ ಚಿಲ್ಲರೆ ಹಾಗೆಯೇ ಇತ್ತು. ಐಲರ್ಟ್ ಅದನ್ನು ಎಸೆದಿರಲಿಲ್ಲ. ಅದರ ಮೇಲೆ ತನ್ನದನ್ನಿಟ್ಟು, ಅಂಕಿತ ಮೇಲಕ್ಕೆ ಮಾಡಿ, ಕಂಬ ನಿಲ್ಲಿಸಿ ಮನೆಗೆ ಬಂದು, ಐದು ವರ್ಷ ನನ್ನಿಂದ ಬೈಸಿಕೊಂಡಿದ್ದ.

ಹಾಗಾದರೆ ದೋಣಿಯಲ್ಲಿ ದೊರೆ ಇದ್ದ. ಇದ್ದೂ ಮುಳುಗಿತು. ಇನ್ನು ದೂರಲು ನನಗೆ ಒಂದು ಬಿಲ್ಲೆಯೂ ಉಳಿದಿರಲಿಲ್ಲ. ಉಳಿದದ್ದು ಅವನು ಇಲ್ಲ ಅನ್ನುವುದಷ್ಟೇ.

"ಆಯ್ತಾ ಅತ್ತಿಗೆ? ತಿರುಗ್ಲಾ?"

"ಬೇಡ ಓಡ್ವರ್," ಎಂದೆ. "ಇನ್ನೊಂದು ಸ್ವಲ್ಪ ಹೊತ್ತು ಆ ಕಡೇನೇ ನೋಡ್ತಿರು."