ಸಿಂಬಿಯ ನೀರು

"ಹಿಂಡೇ, ಕಳ್ಳ ಮುಂಡೆ. ಒಂದು ಹನಿ ಹೊರಗೆ ಹೋಗಕೂಡದು," ಎಂದ ಕಾಲುವೆ ಸಾಹೇಬ, ಕುರ್ಚಿಯಿಂದ ಅಲುಗದೆ.

ಗುದ್ದಲಿ ಅಜ್ಜಿಯ ತಲೆಯ ಮೇಲಿನ ಸಿಂಬಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೂಳಿನ ಬುಟ್ಟಿ ಹೊರಲು ಹಳೇ ಬಟ್ಟೆ ಸುತ್ತಿ ಇಟ್ಟುಕೊಳ್ಳುವ ಸಿಂಬಿ ಎಲ್ಲರಿಗೂ ಅಂಗೈಯಗಲ ಇದ್ದರೆ ಸಾಕು. ಅಜ್ಜಿಯದು ಮಾತ್ರ ಒಂಬತ್ತು ದಿನದಲ್ಲಿ ಬೆಳೆದೂ ಬೆಳೆದೂ ಮಲಗಿದ ಎಮ್ಮೆಯಷ್ಟಾಗಿತ್ತು. ಒಂಬತ್ತು ದಿನದ ಹಿಂದೆ ಸೊಸೆ ಹೆತ್ತಿದ್ದಳು. ಕೇರಿಯ ಬಾವಿ ನೀರು ಎಂಥ ಉಪ್ಪೆಂದರೆ ಅದರ ಮುಂದೆ ಕಣ್ಣೀರೇ ಸಿಹಿ. ಬಾಣಂತಿಯ ಎದೆಹಾಲು ಬತ್ತುತ್ತಿತ್ತು. ಅದಕ್ಕೇ ಅಜ್ಜಿ ಕೆಲಸ ಬಿಡುವಾಗ ಸಿಂಬಿಯನ್ನು ಕಾಲುವೆಯಲ್ಲಿ ಅದ್ದಿ, ಮನೆಗೆ ಹೊತ್ತು, ಕೊಡಕ್ಕೆ ಹಿಂಡುತ್ತಿದ್ದಳು. ನೋಡಿದ ಹೆಂಗಸರೆಲ್ಲ ಕಲಿತರು. ಇವತ್ತು ಕಾವಲುಗಾರ ಅಜ್ಜಿಯೂ ಸೇರಿ ಹದಿನೆಂಟು ಜನರನ್ನೂ ಕಚೇರಿಗೆ ಎಳೆತಂದಿದ್ದ.

ಕಾನೂನು ಪರದೇಶದ ದೊರೆಗಳದ್ದು. ಅವರು ಹಡಗು ಹತ್ತಿ ಹೋಗಿ, ಅವರ ಮೊಮ್ಮಕ್ಕಳ ಹಲ್ಲೂ ಉದುರಿತ್ತು. ಅವರು ನೀಲಿ ಶಾಯಿಯಲ್ಲಿ ಬರೆಸಿದ ಪುಸ್ತಕ ಮಾತ್ರ ಮೇಜಿನ ಮೇಲೆ ಗುಂಡುಕಲ್ಲಿನ ಹಾಗೆ ಕೂತಿತ್ತು. ಜಮೀನಿನ ಧಣಿಗಳ ಹೆಸರು ಅದರಲ್ಲಿತ್ತು, ನೀರು ಅವರ ಮನೆತನಕ್ಕೆ. ಕಾಲುವೆ ತೋಡಿದ ಕೇರಿಯವರು ಬರೀ 'ಕೂಲಿ'. ಎತ್ತು, ಕುದುರೆ ಕಾಲುವೆಗೆ ಬಾಯಿ ಹಾಕಬಹುದು. ಕೂಲಿಯವರು ಪಾತ್ರೆ ಅದ್ದಿದರೆ ಜೈಲು.

ಸಿಂಬಿ ಯಾವಾಗ ಪಾತ್ರೆಯಾಯಿತು ಎಂದು ಅಜ್ಜಿ ಕೇಳಿದಳು. ಸಾಹೇಬ ಪುಸ್ತಕ ಬಿಡಿಸಿದ. ಕೊಡ ಇತ್ತು, ತಂಬಿಗೆ ಇತ್ತು, ಚರ್ಮದ ಚೀಲವೂ ಇತ್ತು. ಬೆವರು ಒರೆಸಿಕೊಂಡು ಹುಡುಕಿದರೂ ಸಿಂಬಿ ಸಿಗಲಿಲ್ಲ. ದೊರೆಗಳು ತಲೆಯ ಮೇಲೆ ಮಣ್ಣು ಹೊತ್ತವರಲ್ಲವಲ್ಲ.

"ಯಾವುದರಲ್ಲಾದ್ರೂ ಇರ್ಲಿ, ಅದು ಸರ್ಕಾರದ ನೀರು. ಸರ್ಕಾರಕ್ಕೆ ಕೊಟ್ಟು ಹೋಗು."

ಹಾಗಾದರೆ ಕಾಲುವೆಗೇ ಹಿಂಡಿ ಬರುತ್ತೇನೆಂದಳು ಅಜ್ಜಿ. ಕಾಲುವೆಯವರೆಗೆ ಕಾಯಲು ಹೋಗುವವರು ಯಾರು? ಸಾಹೇಬನಿಗೆ ಹೊಟ್ಟೆ ಎತ್ತುವುದೇ ಒಂದು ದಿನದ ಕೆಲಸ.

"ಇಲ್ಲೇ ಹಿಂಡೇ, ನನ್ನ ಕಣ್ಣೆದುರಿಗೆ."

ಅಜ್ಜಿ ಸಿಂಬಿ ಬಿಚ್ಚಿದಳು. ಬಿಡಿಸಿದ್ದ ಪುಸ್ತಕದ ಮೇಲೆ ಹಿಡಿದು, ಹಲ್ಲುಕಚ್ಚಿ ಹಿಂಡಿದಳು. ಧಣಿಗಳ ತಾತಮುತ್ತಾತಂದಿರು ನೀಲಿ ನೀರಾಗಿ ಮೇಜಿನಂಚಿಗೆ ಹರಿದು, ಸಾಹೇಬನ ತೊಡೆಗೆ ಇಳಿದರು.

"ಸೊಸೆಗೆ ಅಂತ ಇಟ್ಕೊಂಡಿದ್ದೆ ಸ್ವಾಮಿ. ನಿಮ್ಮ ಸರ್ಕಾರಕ್ಕೇ ಜಾಸ್ತಿ ಬಾಯಾರಿದೆ. ಕುಡೀಲಿ."

ಸಾಹೇಬ ಎದ್ದು ನಿಲ್ಲುವಷ್ಟರಲ್ಲಿ ಅಜ್ಜಿ ಬಾಗಿಲ ಕಡೆ ತಿರುಗಿದ್ದಳು. ಅಲ್ಲಿ ಹದಿನೇಳು ಸಿಂಬಿಗಳು ತೊಟ್ಟಿಕ್ಕುತ್ತಿದ್ದವು.

"ಸಾಲಾಗಿ ಬನ್ರೇ. ನೂಕಾಡ್ಬೇಡಿ. ದಪ್ಪ ಪುಸ್ತಕ, ಎಲ್ರಿಗೂ ಒಂದೊಂದು ಹಾಳೆ ಸಿಗುತ್ತೆ."