ಕೂತಲ್ಲೇ ಬರಿ

“ಒಂದು ಬೆಕ್ಕಿಗೆ ನೆಟ್ಟಗೆ ಸ್ನಾನ ಮಾಡಿಸೋಕೆ ಬರಲ್ಲ, ನಿಂಗೆ ಡಾಕ್ಟರೇಟ್ ಬೇರೆ ಕೇಡು!” ಎಂದು ಗೈಡ್ ಸರ್ ಬಚ್ಚಲಮನೆಯ ಬಾಗಿಲಲ್ಲಿ ನಿಂತು ಗದರಿದರು. “ಕಿವಿಗೆ ನೀರು ಹೋಗ್ತಿದೆ, ಕಾಣಲ್ವಾ ದರಿದ್ರದವಳೆ?”

ಬೆಕ್ಕು ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ ಮೂರು ಗೆರೆ ಎಳೆದಿತ್ತು. ನಾನು ಒಂದು ಕೈಯಲ್ಲಿ ಅದರ ಕಿವಿ ಮುಚ್ಚಿ ಇನ್ನೊಂದರಲ್ಲಿ ಸೋಪು ಹಚ್ಚುತ್ತಿದ್ದೆ. ನಾನು ವಿಶ್ವವಿದ್ಯಾಲಯದಲ್ಲಿ ಆರನೇ ವರ್ಷದ ಸಂಶೋಧನಾ ವಿದ್ಯಾರ್ಥಿನಿ. ನನ್ನ ಗೈಡ್ ದುಡಿಯುವ ಜನರ ಇತಿಹಾಸದಲ್ಲಿ ದೊಡ್ಡ ಹೆಸರು. ಕೂಲಿಯವರ ಕಷ್ಟದ ಬಗ್ಗೆ ಅವರು ಮಾತಾಡಿದರೆ ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ಳುತ್ತಾರೆ. ಆ ಮಾತು ಬರೆದುಕೊಡುವವಳು ನಾನೇ ಆದ್ದರಿಂದ ನನಗೆ ಅಳು ಬರುವುದಿಲ್ಲ.

“ಸರ್, ಆ ಸಹಿ...”

“ಯಾವ ಸಹಿ?”

“ನನ್ನ ಪ್ರಬಂಧ ಒಪ್ಪಿಸೋ ಹಾಳೆ ಸರ್. ನಾಲ್ಕು ತಿಂಗಳಿಂದ ನಿಮ್ಮ ಬ್ಯಾಗಲ್ಲೇ ಇದೆ. ಬರೋ ಶನಿವಾರ ಐದು ಗಂಟೆಯೊಳಗೆ ಆಫೀಸಿಗೆ ಕೊಡದಿದ್ರೆ ನನ್ನ ನೋಂದಣಿನೇ ರದ್ದಾಗುತ್ತೆ. ಆರು ವರ್ಷ ನೀರಲ್ಲಿ ಹೋಮ ಆಗುತ್ತೆ.”

“ನೋಡೋಣ,” ಎಂದರು. “ಬಾಲದ ಬುಡದಲ್ಲಿ ಚೆನ್ನಾಗಿ ಉಜ್ಜು.”

ಗೈಡ್ ಸರ್ ಸಹಿಯ ವಿಷಯದಲ್ಲಿ ಜಿಪುಣರೇನಲ್ಲ. ಪತ್ರ, ಲೇಖನ, ಶಿಫಾರಸು, ಏನು ಮುಂದಿಟ್ಟರೂ ಓದದೆ ಗೀಚುತ್ತಾರೆ. ಒಮ್ಮೆ ಪಂದ್ಯ ಕಟ್ಟಿ ಲಾಂಡ್ರಿ ಚೀಟಿ ಇಟ್ಟಿದ್ದೆವು, ಅದಕ್ಕೂ ಬಿತ್ತು, ತಾರೀಖು ಸಮೇತ. ಆದರೆ ಈ ಒಂದು ಹಾಳೆಯನ್ನು ಮಾತ್ರ ಹತ್ತು ಮಾರು ದೂರದಿಂದಲೇ ಗುರುತು ಹಿಡಿಯುತ್ತಾರೆ. ಅದಕ್ಕೆ ಸಹಿ ಬಿದ್ದ ದಿನ ಭಾಷಣ ಬರೆಯುವವಳು, ಉತ್ತರ ಪತ್ರಿಕೆ ತಿದ್ದುವವಳು, ಬೆಕ್ಕು ತೊಳೆಯುವವಳು ಮೂವರೂ ಒಟ್ಟಿಗೆ ಕೈತಪ್ಪಿ ಹೋಗುತ್ತಾರೆ ಎಂದು ಅವರಿಗೆ ಗೊತ್ತು.

ಮರುದಿನ ನಾವು ಸಂಶೋಧನಾ ವಿದ್ಯಾರ್ಥಿಗಳು ಮುಷ್ಕರ ಹೂಡಿದೆವು.

ಹೂಡಿದೆವು ಎಂದರೆ ಅಷ್ಟು ಸುಲಭವಾಗಿ ಅಲ್ಲ. ವಿಭಾಗದಲ್ಲಿ ನಮಗೆ ಕೊಟ್ಟ ರೂಮಿನಲ್ಲಿ ಆರು ಜನ, ಕುರ್ಚಿ ನಾಲ್ಕು. ಒಬ್ಬರು ನೀರು ಕುಡಿಯಲು ಎದ್ದರೂ ಕುರ್ಚಿ ಕೈಬಿಟ್ಟ ಹಾಗೆ. ಆದ್ದರಿಂದ ಮೊದಲ ಬೇಡಿಕೆ, ತಲೆಗೊಂದು ಕುರ್ಚಿ. ಎರಡನೆಯದು, ಗೈಡುಗಳ ಮನೆಗೆಲಸ ನಮ್ಮಿಂದಾಗದು. ಮೂರನೆಯದು, ಪ್ರಬಂಧ ಕೊಟ್ಟ ಎರಡು ತಿಂಗಳೊಳಗೆ ಸಹಿ ಹಾಕಬೇಕು, ಇಲ್ಲವೇ ಯಾಕೆ ಹಾಕುವುದಿಲ್ಲ ಎಂದು ಬರೆದು ಕೊಡಬೇಕು. ಇಷ್ಟು ಬರೆಯಲು ಇಡೀ ಬೆಳಗು ಹಿಡಿಯಿತು. ನಮ್ಮಲ್ಲೊಬ್ಬನಿಗೆ ‘ಅಡಿಟಿಪ್ಪಣಿ’ ಎಂದೇ ಹೆಸರು. ‘ಕುರ್ಚಿ’ ಎಂದರೇನು ಎಂದು ಮೊದಲು ಸ್ಪಷ್ಟಪಡಿಸದಿದ್ದರೆ ನಾಳೆ ಅವರು ಸ್ಟೂಲು ಕೊಟ್ಟಾರು ಎಂದು ಅವನು ಪಟ್ಟು ಹಿಡಿದ. ಕೊನೆಗೆ ಒಂದು ಪುಟದ ಮನವಿಗೆ ಮೂರು ಪುಟ ಟಿಪ್ಪಣಿ ಬಂತು.

“ಸಾಕು ಬಿಡ್ರೋ, ನನ್ಮಕ್ಳ!” ಎಂದ ಅಜ್ಜ. “ಇನ್ನೂ ಸ್ವಲ್ಪ ಬರೆದ್ರೆ ಇದಕ್ಕೂ ಒಬ್ಬ ಗೈಡ್ ಬೇಕಾಗ್ತಾನೆ.”

ಅಜ್ಜನಿಗೆ ವಯಸ್ಸು ಮೂವತ್ತೊಂಬತ್ತು. ಸಂಶೋಧನೆಗೆ ಸೇರಿ ಹನ್ನೊಂದು ವರ್ಷ. ತನ್ನ ಗೈಡಿನ ಮಗಳ ಹೋಂವರ್ಕ್ ಮಾಡುತ್ತ ಮಾಡುತ್ತ ಆ ಹುಡುಗಿಯನ್ನು ಒಂದನೇ ತರಗತಿಯಿಂದ ಕಾಲೇಜಿನ ಮೆಟ್ಟಿಲವರೆಗೆ ತಂದು ನಿಲ್ಲಿಸಿದ್ದಾನೆ.

ಮನವಿ ಕೊಟ್ಟು ಕುಲಪತಿಗಳ ಕಚೇರಿಯ ಮುಂದಿನ ಮೆಟ್ಟಿಲ ಮೇಲೆ ಕೂತೆವು. ಮೊದಲ ದಿನ ಯಾರೂ ಗಮನಿಸಲಿಲ್ಲ. ಎರಡನೇ ದಿನ ಕಸ ಗುಡಿಸುವಾಕೆ ಬಂದು ಪಕ್ಕಕ್ಕೆ ಸರಿಯಿರಿ ಎಂದಳು. ಗೈಡುಗಳ ಬದಲು ನಾವು ಮಾಡುತ್ತಿದ್ದ ಪಾಠ ನಿಂತ ಖುಷಿಗೆ ಬಿ.ಎ. ಮಕ್ಕಳು ಕೈಕುಲುಕಿ ಹೋದರು. ಮಧ್ಯಾಹ್ನ ಅಮ್ಮನ ಫೋನು ಬಂತು. ಅಮ್ಮ ಇಪ್ಪತ್ತಾರು ವರ್ಷದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುತ್ತಾಳೆ. ನನ್ನ ಪ್ರಬಂಧ ಇರುವುದು ಅವಳ ಮತ್ತು ಅವಳ ಜೊತೆಯವರ ಕೆಲಸದ ಮೇಲೆಯೇ.

“ನಾವು ಮುಷ್ಕರ ಮಾಡ್ದಾಗ ಹಾಸಿಗೆ ಬಟ್ಟೆ ಒಗೀಲಿಲ್ಲ ಕಣೇ. ಮೂರನೇ ದಿನಕ್ಕೆ ನಾತ ಹೊಡೀತು. ದೊಡ್ಡ ಡಾಕ್ಟ್ರೇ ಮೂಗು ಮುಚ್ಕೊಂಡು ಓಡಿಬಂದ. ನೀವು ಏನು ಮಾಡಲ್ಲ ಅಂತ ಕೂತಿದೀರ?”

“ಬರೆಯಲ್ಲ ಅಂತ.”

“ನೀವು ಬರೀದಿದ್ರೆ ಯಾರಿಗೇ ನಾತ ಬರುತ್ತೆ?”

ನನಗೆ ಸಿಟ್ಟು ಬಂತು, ಅಮ್ಮನ ಮೇಲಲ್ಲ.

ಮೂರನೇ ದಿನ ಗೈಡ್ ಸರ್ ಫೋನ್ ಮಾಡಿದರು.

“ನೋಡಮ್ಮ, ಯಾರೋ ಒಂದಷ್ಟು ಕತ್ತೆಗಳು ಕಚೇರಿ ಮುಂದೆ ಕೂತಿದಾವಂತೆ. ಉತ್ತರ ಬರೀರಿ ಅಂತ ಕುಲಪತಿಗಳು ರಿಜಿಸ್ಟ್ರಾರಿಗೆ ಹೇಳಿದ್ದಾರೆ, ರಿಜಿಸ್ಟ್ರಾರ್ ಡೀನಿಗೆ ಹೇಳಿದ್ದಾರೆ, ಡೀನ್ ನಂಗೆ ಹೇಳಿದ್ದಾರೆ. ಖಾರವಾಗಿ ಒಂದು ಪುಟ ಬರಿ. ಇವತ್ತೇ ಬೇಕು.”

“ಸರ್, ನಾನೂ ಮುಷ್ಕರದಲ್ಲಿದೀನಿ.”

“ಹೌದಾ? ಯಾವಾಗಿಂದ?”

“ಮೂರು ದಿನದಿಂದ ಸರ್.”

“ಸರಿ ಸರಿ. ಎಲ್ಲಿದೀಯ ಈಗ?”

“ಮೆಟ್ಟಿಲ ಮೇಲೆ ಕೂತಿದೀನಿ.”

“ಹಾಗಾದ್ರೆ ಕೂತಲ್ಲೇ ಬರಿ. ನಾಳೆ ನಿನ್ನ ಹಾಳೆಗೆ ಸಹಿ ಹಾಕ್ತೀನಿ.”

ಬರೆದೆ. ಮುಚ್ಚಿಡುವುದೇನಿದೆ, ಆ ಸಹಿಗಾಗಿ ಬರೆದೆ. ಏನೋ ಒಂದು ಗೀಚಿ ಬಿಸಾಕೋಣ ಎಂದೇ ಶುರು ಮಾಡಿದ್ದು. ಆದರೆ ಆರು ವರ್ಷದ ಚಾಳಿ ಬಿಡಬೇಕಲ್ಲ! ಮೊದಲ ಸಾಲು ಸಪ್ಪೆ ಅನ್ನಿಸಿತು, ತಿದ್ದಿದೆ. ಎರಡನೇ ವಾದ ಸಡಿಲ ಅನ್ನಿಸಿತು, ಗ್ರಂಥಾಲಯಕ್ಕೆ ಓಡಿ ನಿಯಮಾವಳಿಯ ಹಳೆಯ ಪ್ರತಿ ಹುಡುಕಿದೆ. ಅಲ್ಲಿ ಹದಿನೇಳನೇ ನಿಯಮ ಸಿಕ್ಕಿತು. ‘ಸಂಶೋಧಕರಿಗೆ ಆಸನ ಒದಗಿಸುವುದು ಅಪೇಕ್ಷಣೀಯ, ಆದರೆ ಕಡ್ಡಾಯವಲ್ಲ.’ ಸಿಕ್ಕಿದ ಖುಷಿಗೆ ಒಬ್ಬಳೇ ಚಪ್ಪಾಳೆ ತಟ್ಟಿದೆ. ನನ್ನ ಕುರ್ಚಿಯ ಕಾಲು ನಾನೇ ಮುರಿಯುತ್ತಿದ್ದೇನೆ ಎನ್ನುವುದು ಆ ಗಳಿಗೆಯಲ್ಲಿ ನೆನಪೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅದು ರಿಜಿಸ್ಟ್ರಾರರ ಹೆಸರಲ್ಲಿ ನೋಟೀಸ್ ಬೋರ್ಡಿನ ಮೇಲಿತ್ತು. ಅಡಿಟಿಪ್ಪಣಿ ಎರಡು ಸಲ ಓದಿದ.

“ವಾದ ಗಟ್ಟಿಯಾಗಿದೆ ಕಣ್ರೋ,” ಎಂದ. ಮುಖ ಬಿದ್ದುಹೋಗಿತ್ತು. “ಹದಿನೇಳನೇ ನಿಯಮಕ್ಕೆ ನಮ್ಮಲ್ಲಿ ಉತ್ತರ ಇಲ್ಲ. ಬೌದ್ಧಿಕ ಪ್ರಾಮಾಣಿಕತೆ ಅಂತ ಒಂದಿದೆಯಲ್ಲ? ನಾನಂತೂ ಇನ್ನು ಮೆಟ್ಟಿಲ ಮೇಲೆ ಕೂರಲಾರೆ.” ಅವನು ಚಾಪೆ ಸುತ್ತಿಕೊಂಡು ಎದ್ದ. ಇನ್ನಿಬ್ಬರು ಅವನ ಹಿಂದೆ ಹೋದರು. ಪೊಲೀಸರಿಲ್ಲ, ಬೆದರಿಕೆಯಿಲ್ಲ, ಒಂದು ಪುಟ ಒಳ್ಳೆಯ ಬರವಣಿಗೆಗೆ ನಮ್ಮ ಮುಷ್ಕರ ಅರ್ಧ ಮುರಿಯಿತು.

ಅಜ್ಜ ಮಾತ್ರ ಬೋರ್ಡಿನ ಮುಂದೆ ನಿಂತೇ ಇದ್ದ.

“ನಿಯಮಾವಳಿಯ ಪುಟದ ನಂಬರೂ ಸರಿಯಾಗಿದೆ,” ಎಂದ ನಿಧಾನಕ್ಕೆ. “ಈ ಕ್ಯಾಂಪಸ್ಸಲ್ಲಿ ಯಾವ ಗೈಡ್ ನನ್ಮಗನೂ ನಿಯಮಾವಳಿ ತೆಗೆದು ನೋಡಿದವನಲ್ಲ. ಇದು ನಮ್ಮವರದೇ ಕೆಲಸ.” ತಿರುಗಿ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

“ಥೂ, ನಿನ್ನ ಬಾಯಿಗೆ ಮಣ್ಣು ಹಾಕ! ನೀನಾ?”

“ಸಹಿ ಹಾಕ್ತೀನಿ ಅಂದ್ರು ಅಜ್ಜ.”

“ಹಾಕಿದ್ನಾ?”

“ಬೆಳಿಗ್ಗೆ ಹೋಗಿ ಕೇಳ್ದೆ. ನೋಡೋಣ ಅಂದ್ರು.”

ಅಜ್ಜ ಇನ್ನೂ ಬಯ್ಯುತ್ತಾನೆಂದುಕೊಂಡೆ. ಅವನು ಗಹಗಹಿಸಿ ನಕ್ಕುಬಿಟ್ಟ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ಆ ನೀರು ನಗುವಿನದಲ್ಲ ಎನ್ನಿಸಿತು. “ನನ್ನವನೂ ಅಷ್ಟೇ. ಹನ್ನೊಂದು ವರ್ಷದಿಂದ ನಾಳೆ ಹಾಕ್ತಾನೆ,” ಎಂದ. ನನಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

ರೂಮಿಗೆ ಹೋಗಿ ಎಲ್ಲರ ಮುಂದೆ ತಪ್ಪೊಪ್ಪಿಕೊಂಡೆ. ಅಡಿಟಿಪ್ಪಣಿಗೆ ಸಿಟ್ಟು ಬರಬೇಕೋ ಹೆಮ್ಮೆ ಪಡಬೇಕೋ ತಿಳಿಯಲಿಲ್ಲ. “ಏನೇ ಆದ್ರೂ ಚೆನ್ನಾಗಿತ್ತು,” ಎಂದಷ್ಟೇ ಹೇಳಿ, ಮೆಟ್ಟಿಲಿಗೆ ಬಂದು ಚಾಪೆ ಮತ್ತೆ ಬಿಚ್ಚಿದ.

ಶುಕ್ರವಾರ ಸಂಜೆ ರೂಮಿನಲ್ಲಿದ್ದಾಗ ಮತ್ತೆ ಫೋನು. ಶನಿವಾರ ಮೂರು ಗಂಟೆಗೆ ದೊಡ್ಡ ಸಭಾಂಗಣದಲ್ಲಿ ಎಲ್ಲರ ಸಭೆ. ದುಡಿಯುವವರ ಇತಿಹಾಸ ಅರೆದು ಕುಡಿದವರು ಎಂದು ಗೈಡ್ ಸರ್ ಅವರೇ ಮುಷ್ಕರಕ್ಕೆ ಕೊನೆಯ ಉತ್ತರ ಹೇಳಬೇಕಂತೆ.

“ಅರ್ಧ ಗಂಟೆ ಮಾತು. ಮೊದಲು ಕಾರ್ಮಿಕರ ಕಣ್ಣೀರು, ಆಮೇಲೆ ಇವರಿಗೆ ಛೀಮಾರಿ. ಎಂದಿನಂತೆ ಹಸಿರು ಫೈಲಲ್ಲಿ ಹಾಕಿ ವೇದಿಕೆಯ ಮೇಜಿನ ಮೇಲೆ ಇಟ್ಟಿರು.”

“ಸಹಿ ಸರ್?”

“ಭಾಷಣ ಆಗ್ಲಿ, ನೋಡೋಣ.”

ಫೋನ್ ಇಟ್ಟು ನಾಲ್ಕು ಕುರ್ಚಿಗಳಲ್ಲೂ ಕಿಟಕಿಯ ಕಟ್ಟೆಯಲ್ಲೂ ಇದ್ದವರನ್ನು ನೋಡಿದೆ. ಗೈಡ್ ಸರ್ ವೇದಿಕೆ ಹತ್ತುವ ಮುನ್ನ ಭಾಷಣ ತೆರೆದು ನೋಡುವವರಲ್ಲ. ಮೊದಲೇ ಓದಿದರೆ ಸಹಜತೆ ಹೋಗುತ್ತದೆ ಎಂಬುದು ಅವರ ಸಿದ್ಧಾಂತ. ಅದು ಎಲ್ಲರಿಗೂ ಗೊತ್ತಿತ್ತು.

“ನಮ್ಮ ಬೇಡಿಕೆನೆಲ್ಲ ಒಪ್ಪಿದೀವಿ ಅಂತ ಬರೆದಿಟ್ಟುಬಿಡು,” ಎಂದ ಒಬ್ಬ.

“ಬೇಡ,” ಎಂದೆ. “ಅದೂ ಬರೆದ ಹಾಗೇ ಆಯ್ತಲ್ಲ. ಅಮ್ಮ ಕೊಳೆ ಬಟ್ಟೆನ ಹಾಗೇ ಬಿಟ್ಟಿದ್ಲು.”

ಹತ್ತು ಖಾಲಿ ಹಾಳೆ ತೆಗೆದುಕೊಂಡೆವು. ಪುಟಸಂಖ್ಯೆಯಿಲ್ಲದ ಹಾಳೆ ಕೊಡುವುದು ಅವಮಾನ ಎಂದ ಅಡಿಟಿಪ್ಪಣಿ. ಒಂದರಿಂದ ಹತ್ತರವರೆಗೆ ಚೆಂದವಾಗಿ ಅಚ್ಚು ಹಾಕಿದ. ಅಷ್ಟಕ್ಕೂ ಕೈ ತಡೆಯದೆ ನಾಲ್ಕನೇ ಹಾಳೆಯ ತಳದಲ್ಲಿ ಸಣ್ಣಕ್ಷರದಲ್ಲಿ ಒಂದು ಟಿಪ್ಪಣಿ ಸೇರಿಸಿದ. ಅಜ್ಜ ಅವನ ತಲೆಗೆ ಮೊಟಕಿದರೂ ಅದನ್ನು ತೆಗೆಸಲಿಲ್ಲ.

ಶನಿವಾರ ಸಭಾಂಗಣ ತುಂಬಿತ್ತು. ನಾವು ಆರೂ ಜನ ಎರಡನೇ ಸಾಲಿನಲ್ಲಿ ಕೂತೆವು. ಆರೂ ಜನರಿಗೆ ಒಂದೊಂದು ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಕುಲಪತಿಗಳ ಮಾತು, ರಿಜಿಸ್ಟ್ರಾರರ ಮಾತು, ಡೀನರ ಮಾತು ಮುಗಿಯುವಷ್ಟರಲ್ಲಿ ನಾಲ್ಕು ಗಂಟೆ ದಾಟಿತ್ತು. ಗೈಡ್ ಸರ್ ಎದ್ದರು. ಕಾಲರಿಗೆ ಪುಟ್ಟ ಮೈಕು ಸಿಕ್ಕಿಸಿದ್ದರು. ಒಂದು ಗುಟುಕು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಹಸಿರು ಫೈಲು ತೆರೆದರು.

“ಸ್ನೇಹಿತರೇ...” ಎಂದರು.

ಒಂದನೇ ಹಾಳೆ ತಿರುಗಿತು. ಎರಡನೆಯದು ತಿರುಗಿತು. “ದುಡಿಯುವ ಕೈ...” ಎಂದರು. ಆ ಕೈ ಏನು ಮಾಡುತ್ತದೆ ಎಂಬುದು ಹೊಳೆಯಲಿಲ್ಲ. ಮೂರನೆಯದು ತಿರುಗಿತು. ನಾಲ್ಕನೆಯದರಲ್ಲಿ ಅವರ ಮುಖ ಅರಳಿತು. ಬಗ್ಗಿ, ಕನ್ನಡಕ ಏರಿಸಿ, ಗಂಭೀರವಾಗಿ ಓದಿದರು. “ಹೆಚ್ಚಿನ ವಿವರಗಳಿಗೆ ಮುಂದಿನ ಪುಟ ನೋಡಿ.” ಆತುರದಿಂದ ಮುಂದಿನ ಪುಟ ತಿರುವಿದರು. ಅಲ್ಲಿ ಐದು ಎಂಬ ಅಂಕಿ ಬಿಟ್ಟರೆ ಏನೂ ಇರಲಿಲ್ಲ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕುಲಪತಿಗಳು ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡರು. ನೆಗಡಿಯೇ ಇರಬೇಕು, ಆದರೆ ನನಗೆ ಅಮ್ಮ ಹೇಳಿದ ದೊಡ್ಡ ಡಾಕ್ಟರು ನೆನಪಾಗಿ ಹೊಟ್ಟೆ ತಣ್ಣಗಾಯಿತು.

ಗೈಡ್ ಸರ್ ದಡದಡ ವೇದಿಕೆಯ ಮೆಟ್ಟಿಲಿಳಿದು ನನ್ನ ಹತ್ತಿರ ಬಂದು ಬಗ್ಗಿದರು. ಕಾಲರಿನ ಮೈಕು ತೆಗೆಯುವುದನ್ನು ಮರೆತಿದ್ದರು. ಯಾವಾಗಲೂ ತೆಗೆಯುತ್ತಿದ್ದವಳು ನಾನು.

“ಭಾಷಣ ಎಲ್ಲೇ, ಮುಂಡೇದೆ?” ಎಂಬ ಪಿಸುಮಾತು ಸಭಾಂಗಣದ ನಾಲ್ಕೂ ಮೂಲೆಯಿಂದ ಮೊಳಗಿತು.

“ಬರೆದಿಲ್ಲ ಸರ್. ಮುಷ್ಕರ.”

“ಆರು ವರ್ಷ ಎಲ್ಲ ಬರೆದುಕೊಟ್ಟೋಳು ಇವತ್ತೇ ಕೈ ಕೊಡ್ತೀಯಾ?” ನಾಲ್ಕೂ ಮೂಲೆ ಅದನ್ನೂ ಹೇಳಿದವು. ಜನ ಗೊಳ್ಳೆಂದರು. ಯಾಕೆ ನಗುತ್ತಿದ್ದಾರೆಂದು ಗೈಡ್ ಸರ್ ಅವರಿಗೆ ಅರ್ಥವಾಗಲಿಲ್ಲ. ಹೆಗಲಿನ ಬ್ಯಾಗಿಗೆ ಕೈಹಾಕಿ ತಡಕಾಡಿ, ಮುದುರಿದ ಒಂದು ಹಾಳೆ ಎಳೆದು ನನ್ನ ತೊಡೆಯ ಮೇಲೆ ಹರಡಿದರು. ಪೆನ್ನಿನ ಮುಚ್ಚಳ ತೆಗೆದರು. “ತಗೋ, ನಿನ್ನ ಸಹಿ. ಈಗ, ಈ ಕ್ಷಣ ಹಾಕ್ತೀನಿ. ಎರಡೇ ಎರಡು ಸಾಲು ಬರೆದುಕೊಡಮ್ಮ. ಎಲ್ರೂ ನೋಡ್ತಿದಾರೆ. ಕೂತಲ್ಲೇ ಬರಿ.”

ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ. ಓಡಿದರೆ ಆಫೀಸು ಐದು ನಿಮಿಷದ ದಾರಿ. ಹಾಳೆಯ ಮೇಲೆ ನನ್ನ ಪ್ರಬಂಧದ ಹೆಸರಿತ್ತು, ಅದರಲ್ಲಿ ಅಮ್ಮನ ಲಾಂಡ್ರಿ ಇತ್ತು, ಅದರ ಕೆಳಗೆ ಸಹಿಗೆಂದು ಬಿಟ್ಟ ಗೆರೆ ಖಾಲಿಯಿತ್ತು. ಆ ಸಹಿ ನನಗೆ ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಪ್ರಾಣ ಹೋಗುವಷ್ಟು ಬೇಕಿತ್ತು. ಛೀಮಾರಿಯ ಮೊದಲ ಸಾಲು ಆಗಲೇ ತಲೆಯಲ್ಲಿ ತಯಾರಾಗಿ ನಿಂತಿತ್ತು, ಒಳ್ಳೆಯ ಸಾಲೇ. ಬಲಗೈ ತಾನಾಗಿಯೇ ಮೇಲೆದ್ದಿತು. ಎಡಗೈಯಿಂದ ಅದನ್ನು ಬೆಕ್ಕನ್ನು ಹಿಡಿಯುವ ಹಾಗೆ ಅದುಮಿ ಹಿಡಿದೆ.

ಗೈಡ್ ಸರ್ ಅವರ ಕಾಲರಿನ ಹತ್ತಿರಕ್ಕೆ ಬಾಯಿ ತಂದೆ.

“ನೋಡೋಣ, ಸರ್,” ಎಂದೆ.

ನಾಲ್ಕೂ ಮೂಲೆ ಅದನ್ನು ಹೇಳಿದವು. ನಾನು ಕುರ್ಚಿಗೆ ಬೆನ್ನು ಒರಗಿಸಿ ಕೂತೆ.